ನೋವಿನ ದಾರಿಗೆ ತಡೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ, ಪುಣೆ)



ಈ ವೇದಿಕೆಯ ಮೇಲೆ ನಿಂತವರು ಪಂಪನ ವಿಷಯವನ್ನೋ ವಚನಗಳ ವಿಷಯವನ್ನೋ ಎತ್ತಿಕೊಳ್ಳುವುದು ರೂಢಿ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕಾರಕೂನನಾಗಿರುವವನು. ಪಂಪನ ಬಗ್ಗೆ ನಾನು ಮಾತನಾಡಿದರೆ ಪಂಪನಿಗೂ ಕಷ್ಟ, ತಮಗೂ ಕಷ್ಟ. ಆದಕಾರಣ ನನಗೆ ಸ್ವಂತ ಅನುಭವದಿಂದ ತಿಳಿದ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಟೊಂಕ ಮುರಿದು ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವ ವಯಸ್ಸಾದವರಿಗೆ, ನೋವನ್ನು ನರದ ದಾರಿಯಲ್ಲಿಯೇ ತಡೆಹಿಡಿಯುವ ಒಂದು ಚುಚ್ಚುಮದ್ದು ಇದೆ. ಅದೇ ಈ ಹೊತ್ತಿನ ನನ್ನ ವಿಷಯ.

ಇದನ್ನು ಕೇಳಿ ನಮ್ಮ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಡಾಕ್ಟರರು ಹೇಳಬೇಕಾದ ಮಾತಲ್ಲವೇ?" ಎಂದರು. ನಿಜ, ನಾನು ವೈದ್ಯನಲ್ಲ. ಆದರೆ ದವಾಖಾನೆಯಲ್ಲಿ ಡಾಕ್ಟರರು ಹೇಳಿದ್ದಕ್ಕೆ ತಲೆಯಾಡಿಸಿ ಕಾಗದಕ್ಕೆ ಸಹಿ ಹಾಕುವವರು ನಾವು. ಓದದೆ ಸಹಿ ಮಾಡಬೇಡಿ ಎಂದು ದಿನವಿಡೀ ಗಿರಾಕಿಗಳಿಗೆ ಹೇಳುವ ನಾನೇ, ನನ್ನ ಅವ್ವನ ವಿಷಯದಲ್ಲಿ ನಾಲ್ಕು ಕಾಗದಗಳಿಗೆ ಓದದೆ ಸಹಿ ಹಾಕಿದೆ. ಆಮೇಲೆ ಅವುಗಳಲ್ಲಿ ಏನಿತ್ತೆಂದು ಒಂದೊಂದಾಗಿ ಕೇಳಿ ತಿಳಿದೆ. ಹಾಗೆ ತಿಳಿದದ್ದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಅವ್ವ ಬಾದಾಮಿ ತಾಲ್ಲೂಕಿನ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ಪುಣೆಗೆ ಬಂದಳು. ಆಗ ಅವಳಿಗೆ ಎಪ್ಪತ್ತೆರಡು. ನಮ್ಮ ಚಾಳಿನಂಥ ಕಟ್ಟಡದಲ್ಲಿ ಎರಡು ವರ್ಷ ಇದ್ದರೂ ಕಾಯಿಪಲ್ಲೆಯವನ ಜೊತೆ ಮಾಡುವಷ್ಟು ಮರಾಠಿಯ ಹೊರತು ಹೆಚ್ಚಿನದು ಅವಳಿಗೆ ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ. ೨೦೨೪ರ ಶ್ರಾವಣದ ಎರಡನೆಯ ಸೋಮವಾರ ಬೆಳಗಿನ ಜಾವ ತಲೆ ಎರೆದುಕೊಂಡು ಬಚ್ಚಲಿನಿಂದ ಹೊರಗೆ ಕಾಲಿಟ್ಟವಳು ಜಾರಿ ಎಡಮಗ್ಗುಲಿಗೆ ಬಿದ್ದಳು. ಎಡಗಾಲು ಗಿಡ್ಡಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿತ್ತು. ಎತ್ತಲು ಹೋದರೆ, "ಮುಟ್ಟಬ್ಯಾಡೋ ತಮ್ಮಾ" ಎಂದಳು. ಆ ದನಿ ನಾನು ಹಿಂದೆ ಕೇಳಿದ್ದಲ್ಲ.

ಟೊಂಕ ಮುರಿಯಿತೆಂದು ನಾವು ಅನ್ನುತ್ತೇವೆ. ಮುರಿಯುವುದು ಟೊಂಕವಲ್ಲ, ತೊಡೆಯ ಎಲುಬು. ಆ ಎಲುಬಿನ ತಲೆ ಚೆಂಡಿನಂತೆ ಗುಂಡಗಿದ್ದು ಚಪ್ಪೆಯ ಬಟ್ಟಲಿನಲ್ಲಿ ಕೂತಿರುತ್ತದೆ. ತಲೆಯ ಕೆಳಗೆ ಕುತ್ತಿಗೆಯಂಥ ಸಪೂರ ಭಾಗ. ಮುದುಕರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎಲುಬು ಟೊಳ್ಳಾಗುತ್ತ ಬಂದಿರುತ್ತದೆ. ನಿಂತ ನಿಲುವಿನಿಂದ ಬಿದ್ದರೂ ಆ ಕುತ್ತಿಗೆ ಮುರಿಯುತ್ತದೆ. ಇಂಥವರನ್ನು ತಿಂಗಳುಗಟ್ಟಲೆ ಹಾಸಿಗೆಯ ಮೇಲೆ ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಿಂದಿನ ಕಾಲದಲ್ಲಿ ಟೊಂಕ ಮುರಿದ ಅಜ್ಜಿ ಮತ್ತೆ ಏಳಲಿಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದುದು ಈ ಕಾರಣಕ್ಕೆ. ಆದ್ದರಿಂದಲೇ ಒಂದೆರಡು ದಿನದೊಳಗೆ ಶಸ್ತ್ರಕ್ರಿಯೆ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸಬೇಕೆಂಬುದು ಇಂದಿನ ವೈದ್ಯರ ಮತ. ಮರುದಿನ ನಿಲ್ಲಬೇಕಾದರೆ ನೋವು ತಗ್ಗಿರಬೇಕು. ಇಲ್ಲಿಯೇ ನನ್ನ ವಿಷಯ ಆರಂಭವಾಗುತ್ತದೆ.

ದವಾಖಾನೆಯ ಹೆಸರು ಬೇಡ. ನಾನು ಹಣ ಕಟ್ಟುವ ಕಿಂಡಿಯ ಮುಂದೆ ವಿಮೆಯ ಕಾಗದ ಹಿಡಿದು ನಿಂತಿದ್ದೆ; ನನ್ನ ಹೆಂಡತಿ ಅವ್ವನ ಬಳಿ ಇದ್ದಳು. ಸಿಸ್ಟರ್ ಬಂದು ಅವ್ವನ ಕೈ ಹಿಡಿದು ಬಹಳ ಮೃದುವಾಗಿ, "ದುಖ್ತಂಯ್ ಕಾ, ಆಜಿ?" ಎಂದು ಕೇಳಿದಳಂತೆ. ನೋಯುತ್ತಿದೆಯೇ ಎಂದು ಇದರರ್ಥ. ಅವ್ವನ ಕಿವಿಗೆ ಬಿದ್ದದ್ದು 'ದುಃಖ' ಎಂಬ ಮಾತೊಂದೇ. "ದುಃಖ ಯಾಕವ್ವಾ? ಮಗ ಅದಾನ, ಸೊಸಿ ಅದಾಳ, ದೇವ್ರು ಚಲೋ ಇಟ್ಟಾನ" ಎಂದು ತಲೆ ಅಲ್ಲಾಡಿಸಿದಳು. ತಲೆ ಅಲ್ಲಾಡಿದ್ದನ್ನು ನೋಡಿ ಸಿಸ್ಟರ್ ಕಾಗದದಲ್ಲಿ ನೋವಿನ ಮನೆಯಲ್ಲಿ ಸೊನ್ನೆ ಬರೆದುಕೊಂಡು ಹೋದಳು. ನನ್ನ ಹೆಂಡತಿ ನಕ್ಕುಬಿಟ್ಟಳಂತೆ. ಅರ್ಧ ಗಂಟೆಯ ಮೇಲೆ ಎಕ್ಸ್‌ರೇ ತೆಗೆಯಲು ಅವ್ವನನ್ನು ಸ್ಟ್ರೆಚರಿನಿಂದ ಮೇಜಿಗೆ ಸರಿಸಿದರು. ಆಗ ಕೇಳಿದ ಕೂಗು ಮೊಗಸಾಲೆಯ ಕೊನೆಯಲ್ಲಿದ್ದ ನನ್ನ ತನಕ ಬಂತು. ಆಮೇಲೆ ನನ್ನ ಹೆಂಡತಿ ನಗಲಿಲ್ಲ.

ಇಲ್ಲಿ ತಪ್ಪು ಯಾರದೆಂದು ನಾನು ಹೇಳಲಾರೆ. ಅಕ್ಕಪಕ್ಕದ ಎರಡು ಭಾಷೆಗಳು ಒಂದೇ ಸಂಸ್ಕೃತ ಶಬ್ದವನ್ನು ಎರವಲು ತಂದು, ಒಂದು ಅದನ್ನು ಮೈಗೆ ಇಟ್ಟುಕೊಂಡಿತು, ಇನ್ನೊಂದು ಮನಸ್ಸಿಗೆ. ಆದರೆ ಗಮನಿಸಬೇಕಾದ ಮಾತು ಇನ್ನೊಂದಿದೆ. ಈ ಮುರಿತದಲ್ಲಿ ಅಲುಗಾಡದೆ ಮಲಗಿದ್ದಾಗ ನೋವು ಅಷ್ಟಾಗಿ ಇರದಿರಬಹುದು. ಮಗ್ಗುಲು ತಿರುಗಿಸಿದರೆ, ಕುಳ್ಳಿರಿಸಿದರೆ, ಬಟ್ಟೆ ಬದಲಿಸಿದರೆ ಅದು ಸಿಡಿಲಿನಂತೆ ಬರುತ್ತದೆ. ಆದ್ದರಿಂದ ಮಲಗಿದ್ದಾಗ ಕೇಳಿದರೆ ಸಾಲದು, ಅಲುಗಿದಾಗ ಎಷ್ಟು ಎಂದೂ ಕೇಳಬೇಕು.

ಕೂಗಿದ ಮೇಲೆ ಮದ್ದು ಬಂತು. ರಕ್ತನಾಳಕ್ಕೆ ಕೊಡುವ ಟ್ರಮಡಾಲ್, ಅಫೀಮಿನ ಬಳಗದಂತೆ ಕೆಲಸ ಮಾಡುವ ಮದ್ದು. ನೋವು ಮೊಂಡಾಯಿತು. ಆದರೆ ಸಂಜೆ ಎರಡು ಸಲ ವಾಂತಿಯಾಯಿತು. ರಾತ್ರಿ ಹನ್ನೊಂದರ ಸುಮಾರಿಗೆ ಅವ್ವ ಸಲಾಯಿನ್ ನಳಿಗೆಯನ್ನು ಕಿತ್ತುಹಾಕಲು ತೊಡಗಿದಳು. "ಎಮ್ಮಿ ಹಿಂಡೋ ಹೊತ್ತಾತು, ಬಿಡ್ರಿ ನನ್ನ" ಎಂದಳು. ತೀರಿಹೋದ ನಮ್ಮ ಅಪ್ಪನನ್ನು ಕರೆದಳು. ನನ್ನನ್ನು ನೋಡಿ, "ನೀ ಯಾರ ಪೈಕಿ?" ಎಂದು ಕೇಳಿದಳು.

ಈ ಸಭೆಯಲ್ಲಿರುವ ಅನೇಕರ ತಂದೆತಾಯಿಗಳು ಊರು ಬಿಟ್ಟು ನಮ್ಮ ಜೊತೆ ಇಲ್ಲಿ ಇದ್ದಾರೆ. ಅವರಿಗೆ ನಾವೇ ಊರು. ಆ ಮಾತು ಕೇಳಿದಾಗ ನನಗೆ ಏನಾಯಿತೆಂಬುದನ್ನು ವಿವರಿಸುವುದಿಲ್ಲ.

ಇದಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಹಳಬರು ಸನ್ನಿ ಎನ್ನುತ್ತಿದ್ದ ಸ್ಥಿತಿಗೆ ಹತ್ತಿರದ್ದು. ಟೊಂಕ ಮುರಿದ ಮುದುಕರಲ್ಲಿ ಇದು ಅಪರೂಪವಲ್ಲ. ಇದಕ್ಕೆ ಮದ್ದೊಂದೇ ಕಾರಣವೆಂದು ದೂರುವುದು ನ್ಯಾಯವಲ್ಲ. ವಯಸ್ಸು, ಅಪರಿಚಿತ ಜಾಗ, ನಿದ್ದೆಗೇಡು, ಮೈಯಲ್ಲಿ ನೀರು ಕಡಿಮೆಯಾಗುವುದು, ಎಲ್ಲವೂ ಸೇರುತ್ತವೆ. ತಡೆಯಿಲ್ಲದೆ ಬಿಟ್ಟ ನೋವು ತಾನೇ ಬುದ್ಧಿಯನ್ನು ಕದಡುತ್ತದೆ. ಹೀಗಾಗಿ ಇಕ್ಕಟ್ಟು. ಮದ್ದು ಕಡಿಮೆ ಕೊಟ್ಟರೆ ನೋವಿನಿಂದ ಭ್ರಮೆ, ಹೆಚ್ಚು ಕೊಟ್ಟರೆ ಮದ್ದಿನಿಂದ ಭ್ರಮೆ. ಜೊತೆಗೆ ಉಸಿರು ಮಂದವಾಗುವುದು, ಮಲಬದ್ಧತೆ ಬೇರೆ.

ಮಂಗಳವಾರ ಬೆಳಿಗ್ಗೆ ಅರಿವಳಿಕೆಯ ಡಾಕ್ಟರರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮರಾಠಿಯಲ್ಲಿ ಅರಿವಳಿಕೆಗೆ 'ಭೂಲ್' ಎನ್ನುತ್ತಾರೆ. ಹಿಂದಿಯಲ್ಲಿ ಅದೇ ಶಬ್ದಕ್ಕೆ ತಪ್ಪು ಎಂದರ್ಥ. ನಿದ್ದೆಗೆಟ್ಟಿದ್ದ ನನಗೆ 'ಭೂಲಿನ ಡಾಕ್ಟರು' ಎಂದು ಕೇಳಿ ಎದೆ ಧಸಕ್ಕೆಂದಿತು. ಆಕೆ ಹೇಳಿದ್ದಿಷ್ಟು: ಶಸ್ತ್ರಕ್ರಿಯೆಗೆ ಬೆನ್ನುಹುರಿಯ ಬಳಿ ಸೂಜಿ ಕೊಡಬೇಕು, ಅದಕ್ಕೆ ನಿಮ್ಮ ತಾಯಿಯನ್ನು ಕುಳ್ಳಿರಿಸಬೇಕು, ಮುರಿದ ಕಾಲಿನಲ್ಲಿ ಅವರು ಹೇಗೆ ಕೂತಾರು? ಆದ್ದರಿಂದ ಮೊದಲು ತೊಡೆಸಂದಿನ ಹತ್ತಿರ ನರಗಳಿಗೆ ತಡೆ ಕೊಡುತ್ತೇನೆ. ಶಸ್ತ್ರಕ್ರಿಯೆಯ ನಂತರವೂ ಹಲವು ಗಂಟೆ ಅದು ಕೆಲಸ ಮಾಡುತ್ತದೆ. ನಾನು ತಲೆಯಾಡಿಸಿ ಸಹಿ ಹಾಕಿದೆ. ಅದೇ ನಾಲ್ಕನೆಯ ಕಾಗದ.

ಅವ್ವನಿಗೆ ನಾನೇ ದುಭಾಷಿಯಾದ್ದರಿಂದ ಹತ್ತಿರ ನಿಲ್ಲಲು ಬಿಟ್ಟರು. ತೊಡೆಸಂದಿನ ಮೇಲೆ ತಣ್ಣನೆಯ ಅಂಟು ಹಚ್ಚಿ, ಬಸುರಿಯರ ಹೊಟ್ಟೆಯ ಮೇಲೆ ಆಡಿಸುವರಲ್ಲ, ಅದೇ ಸೋನೋಗ್ರಫಿಯ ಹಿಡಿಯನ್ನು ಇಟ್ಟರು. ಪರದೆಯ ಮೇಲೆ ಬೂದುಬಣ್ಣದ ಪದರಗಳು ಕಂಡವು. ಒಂದು ಕಡೆ ರಕ್ತನಾಳ ಕಪ್ಪಗೆ ಮಿಡಿಯುತ್ತಿತ್ತು. ಚರ್ಮವನ್ನು ಮೊದಲು ಮರಗಟ್ಟಿಸಿ, ಉದ್ದನೆಯ ಸೂಜಿಯನ್ನು ಓರೆಯಾಗಿ ತೂರಿಸಿದರು. ಸೂಜಿಯ ಹೊಳಪು ಪರದೆಯ ಮೇಲೆ ನನಗೂ ಕಂಡಿತು. ಇಲಿಯಾಕಸ್ ಎಂಬ ಸ್ನಾಯುವಿನ ಮೇಲೆ ತೆಳು ಮುಸುಕಿನಂಥ ಪದರವಿದೆ. ಸೂಜಿ ಅದರ ಕೆಳಗೆ ಸೇರಿದ ಕೂಡಲೇ ಮದ್ದನ್ನು ಬಿಟ್ಟರು. ಮುಸುಕು ನಿಧಾನವಾಗಿ ಮೇಲೆದ್ದು, ದೋಸೆಯ ಅಂಚು ಏಳುವ ಹಾಗೆ, ಮದ್ದು ಕೆಳಗೆ ಹರಡಿತು. ತೊಡೆಯ ಮುಂಭಾಗದ ದೊಡ್ಡ ನರ, ಹೊರಮಗ್ಗುಲಿನ ಚರ್ಮದ ನರ ಎರಡೂ ಆ ಮುಸುಕಿನ ಕೆಳಗೇ ಹಾದುಹೋಗುತ್ತವೆ. ನರಕ್ಕೆ ಸೂಜಿ ತಾಗಿಸಬೇಕಾಗಿಲ್ಲ. ಮದ್ದೇ ಹರಿದು ಹೋಗಿ ಅದನ್ನು ತೋಯಿಸುತ್ತದೆ.

ಇಪ್ಪತ್ತು ನಿಮಿಷ ಕಾದೆವು. "ಹ್ಯಾಂಗೈತಿ ಅವ್ವಾ?" ಎಂದೆ. "ತೊಡಿ ಜೋಮು ಹಿಡದೈತಿ" ಎಂದಳು. ಜೋಮು ಎಂದರೇನೆಂದು ಡಾಕ್ಟರರು ಕೇಳಿದರು. ಮರಾಠಿಯಲ್ಲಿ ಇದಕ್ಕೆ 'ಮುಂಗ್ಯಾ', ಅಂದರೆ ಇರುವೆಗಳು ಬಂದವು, ಎನ್ನುತ್ತಾರಂತೆ. ಕಾಲು ಮುಟ್ಟಿದರು, ಸ್ವಲ್ಪ ಎತ್ತಿದರು. ಅವ್ವ ಹುಬ್ಬು ಗಂಟಿಕ್ಕಿದಳು, ಕೂಗಲಿಲ್ಲ. ಇಬ್ಬರು ಹಿಡಿದು ಕುಳ್ಳಿರಿಸಿದಾಗ ಕೂತಳು. ನಿನ್ನೆ ರಾತ್ರಿ ನನ್ನನ್ನು ಯಾರ ಪೈಕಿ ಎಂದು ಕೇಳಿದವಳು, "ತಮ್ಮಾ, ಚಾ ಕುಡದಿ ಇಲ್ಲೊ?" ಎಂದಳು.

ಇದು ಹೇಗೆ ಸಾಧ್ಯವಾಯಿತೆಂದು ನನ್ನ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಎಲುಬು ಮುರಿದದ್ದು ಚೆಕ್ಕು ಬರೆದಂತೆ. ಆ ಚೆಕ್ಕು ನರದ ದಾರಿಯಲ್ಲಿ ಹೊರಟು ಮಿದುಳೆಂಬ ಹೆಡ್ಡಾಫೀಸನ್ನು ಸೇರಿದಾಗಲೇ ನೋವೆಂಬ ಪಾವತಿ ಆಗುವುದು. ಅಫೀಮಿನ ಬಳಗದ ಮದ್ದು ಪಾವತಿ ಮಾಡುವ ಗುಮಾಸ್ತರಿಗೇ ಮಂಪರು ತರಿಸುತ್ತದೆ. ಪಾವತಿ ನಿಧಾನವಾಗುತ್ತದೆ, ಜೊತೆಗೆ ಆಫೀಸಿನ ಉಳಿದ ಕೆಲಸವೂ ಕೆಡುತ್ತದೆ. ನರತಡೆಯಾದರೋ ನಮ್ಮಲ್ಲಿ ಸ್ಟಾಪ್ ಪೇಮೆಂಟ್ ಎನ್ನುತ್ತೇವಲ್ಲ, ಹಾಗೆ. ಆ ಒಂದು ಚೆಕ್ಕಿಗೆ ಮಾತ್ರ ತಡೆ. ಬೇರೆ ಖಾತೆಗಳ ವ್ಯವಹಾರ ನಡೆಯುತ್ತಲೇ ಇರುತ್ತದೆ.

ತಡೆ ಬೀಳುವ ರೀತಿಯೂ ಸರಳ. ನರದ ಎಳೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಗಿಲುಗಳಿವೆ. ಉಪ್ಪಿನಲ್ಲಿರುವ ಸೋಡಿಯಂ ಕಣಗಳು ಆ ಬಾಗಿಲುಗಳಿಂದ ಒಳಕ್ಕೆ ನುಗ್ಗಿದಾಗ ವಿದ್ಯುತ್ತಿನ ಅಲೆ ಎದ್ದು ಸಂದೇಶ ಮುಂದಕ್ಕೆ ಸಾಗುತ್ತದೆ. ಬ್ಯೂಪಿವಕೇನ್, ರೋಪಿವಕೇನ್ ಮುಂತಾದ ಮದ್ದುಗಳು ಆ ಬಾಗಿಲುಗಳಿಗೆ ಅಡ್ಡ ಕೂರುತ್ತವೆ. ಮದ್ದು ರಕ್ತದಲ್ಲಿ ಸೇರಿ ಕರಗುತ್ತ ಹೋದಂತೆ ಬಾಗಿಲು ತೆರೆಯುತ್ತದೆ, ನರ ಮೊದಲಿನಂತಾಗುತ್ತದೆ.

ಈ ವಿದ್ಯೆಯ ಹುಟ್ಟಿನ ಕಥೆ ಸೊಗಸಾಗಿದೆ. ಅದನ್ನು ಬಿಡಲು ಮನಸ್ಸಿಲ್ಲ. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯ ಕೋಕೇನಿನ ಹನಿ ಬಿಟ್ಟರೆ ಕಣ್ಣು ಮರಗಟ್ಟುವುದೆಂದು ಕಂಡುಹಿಡಿದ. ಅದನ್ನು ಸಾರಬೇಕಾದ ಸಭೆ ಹೈಡೆಲ್‌ಬರ್ಗಿನಲ್ಲಿತ್ತು. ಅಲ್ಲಿಗೆ ಹೋಗಲು ಅವನ ಬಳಿ ರೈಲು ಖರ್ಚಿಗೆ ಹಣವಿರಲಿಲ್ಲ. ಇನ್ನೊಬ್ಬ ವೈದ್ಯ ಅವನ ಪ್ರಬಂಧವನ್ನು ಓದಿದ. ಅದೇ ಕಾಲದಲ್ಲಿ ನ್ಯೂಯಾರ್ಕಿನ ಹಾಲ್‌ಸ್ಟೆಡ್ ನರದ ಬಳಿಗೇ ಕೋಕೇನ್ ಚುಚ್ಚಿ ನೋಡಿದ. ತನ್ನ ಮೇಲೂ ಪ್ರಯೋಗ ಮಾಡಿಕೊಂಡು ಆ ಮದ್ದಿಗೇ ದಾಸನಾದ. ೧೮೯೮ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀಯರ್ ಬೆನ್ನುಹುರಿಯ ಅರಿವಳಿಕೆಯನ್ನು ಪರೀಕ್ಷಿಸಲು ತನ್ನ ಸಹಾಯಕನ ಬೆನ್ನಿಗೆ ಮದ್ದು ಕೊಟ್ಟು, ಅವನ ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಬಡಿದ. ನೋವಾಗಲಿಲ್ಲ. ಸಾಯಂಕಾಲ ಇಬ್ಬರೂ ದ್ರಾಕ್ಷಾರಸ ಕುಡಿದು ಸಂಭ್ರಮಿಸಿದರು. ಆಮೇಲೆ ಬೀಯರ್ ತಲೆನೋವಿನಿಂದ ದಿನಗಟ್ಟಲೆ ಮಲಗಿದ. ಕೋಕೇನಿನ ಅಪಾಯ ಕಂಡು ಬೇರೆ ಮದ್ದುಗಳನ್ನು ಹುಡುಕಿದರು. ೧೯೪೩ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಡೊಕೇನ್ ತಯಾರಿಸಿದ. ಹಲ್ಲು ಕೀಳಿಸಿಕೊಂಡ ನಮಗೆಲ್ಲ ಅದರ ಪರಿಚಯವಿದೆ.

ಅವ್ವನಿಗೆ ಕೊಟ್ಟ ತಡೆಯನ್ನು ೧೯೮೯ರಲ್ಲಿ ಫ್ರಾನ್ಸಿನ ದಾಲೆನ್ಸ್ ಮೊದಲಿಗೆ ಮಕ್ಕಳಲ್ಲಿ ವರ್ಣಿಸಿದ. ಆಗ ಪರದೆ ಇರಲಿಲ್ಲ. ಸೂಜಿ ಒಂದು ಪದರ ದಾಟಿದಾಗ ಒಂದು ಸಲ, ಇನ್ನೊಂದು ದಾಟಿದಾಗ ಇನ್ನೊಂದು ಸಲ 'ಪಟ್' ಎಂದು ಬೆರಳಿಗೆ ತಿಳಿಯುವುದನ್ನು ನಂಬಿ ಕೊಡುತ್ತಿದ್ದರು. ಸೋನೋಗ್ರಫಿ ನೋಡಿಕೊಂಡು ನರತಡೆ ಕೊಡುವ ಪದ್ಧತಿ ೧೯೯೦ರ ದಶಕದಲ್ಲಿ ವಿಯೆನ್ನಾದ ವೈದ್ಯರಿಂದ ಬೆಳೆದು ಬಂತು.

ಮತ್ತೆ ದವಾಖಾನೆಗೆ ಬರೋಣ. ಶಸ್ತ್ರಕ್ರಿಯೆ ಹನ್ನೊಂದಕ್ಕೆ ಆರಂಭವಾಗಿ ಒಂದೂವರೆ ಗಂಟೆ ನಡೆಯಿತು. ಮುರಿದ ತಲೆಯನ್ನು ತೆಗೆದು ಲೋಹದ ತಲೆ ಕೂರಿಸಿದರು. ಬೆನ್ನಿನ ಅರಿವಳಿಕೆ ಸಂಜೆಗೆ ಇಳಿದು ಅವ್ವ ಪಾದ ಆಡಿಸಿದಳು, ನೋವೆನ್ನಲಿಲ್ಲ. ಗಂಜಿ ಕುಡಿದಳು. ಮೊಮ್ಮಗನ ಜೊತೆ ಫೋನಿನಲ್ಲಿ ಮಾತಾಡಿದಳು. ರಾತ್ರಿ ಹತ್ತಕ್ಕೆ ಸಿಸ್ಟರ್ ಪ್ಯಾರಾಸಿಟಮಾಲ್ ಮಾತ್ರೆ ತಂದಾಗ ಅವ್ವ ನಿದ್ದೆಯಲ್ಲಿದ್ದಳು. ಹಿಂದಿನ ರಾತ್ರಿಯ ನೆನಪು ನನಗೆ. "ಮಲಗಿದ್ದಾರೆ, ಎಬ್ಬಿಸಬೇಡಿ, ನೋವೇನೂ ಇಲ್ಲ" ಎಂದು ಹೇಳಿ ಕಳಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದು ಕುರ್ಚಿಯಲ್ಲಿ ಕಾಲು ಚಾಚಿದೆ.

ಒಂದು ಗಂಟೆಗೆ ಅವ್ವ ಎಚ್ಚರಗೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟ ತಡೆಯ ಅವಧಿ ಮುಗಿದಿತ್ತು. ತಡೆ ತೆಗೆದ ಚೆಕ್ಕು ಮತ್ತೆ ಕಿಂಡಿಗೆ ಬಂದು ನಿಂತಿತು, ಅದೂ ಹೊಸ ಗಾಯದ ಚೆಕ್ಕಿನ ಜೊತೆಗೆ. ಹೊಟ್ಟೆಯಲ್ಲಿ ಒಂದು ಮಾತ್ರೆಯೂ ಇಲ್ಲ. ಮಾತ್ರೆ ಕೊಟ್ಟು, ಸಲಾಯಿನ್ ಮೂಲಕ ಮದ್ದು ಕೊಟ್ಟು, ನೋವು ಹತೋಟಿಗೆ ಬರಲು ಒಂದು ಗಂಟೆಯ ಮೇಲೆ ಹಿಡಿಯಿತು. ಅಷ್ಟು ಹೊತ್ತು ಅವಳು ನನ್ನ ಕೈಯನ್ನು ಹಿಡಿದಿದ್ದಳು. ಉಗುರಿನ ಗುರುತು ಎರಡು ದಿನ ಇತ್ತು.

ಬೆಳಿಗ್ಗೆ ಡಾಕ್ಟರರ ಮುಂದೆ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. ಒಂದೇ ಸಲ ಚುಚ್ಚಿದ ತಡೆ ಸಾಮಾನ್ಯವಾಗಿ ಎಂಟರಿಂದ ಹದಿನೆಂಟು ಗಂಟೆ ನಿಲ್ಲುತ್ತದೆ. ಮುಗಿಯುವಾಗ ನೋವು ಒಮ್ಮೆಲೆ ಮರುಕಳಿಸುವುದುಂಟು. ಆದ್ದರಿಂದ ತಡೆ ಇರುವಾಗಲೇ, ನೋವಿಲ್ಲದಿದ್ದರೂ, ಹೊತ್ತುಹೊತ್ತಿಗೆ ಮಾತ್ರೆ ನುಂಗಿಸಿರಬೇಕು, ಎಬ್ಬಿಸಿಯಾದರೂ ಸರಿ. ಈ ಒಂದು ಮಾತಿಗಾಗಿಯೇ ನಾನು ಈ ಭಾಷಣಕ್ಕೆ ಒಪ್ಪಿಕೊಂಡೆನೆಂದು ತಿಳಿಯಿರಿ. ಕೆಲವರಿಗೆ ಕೂದಲಿನಷ್ಟು ತೆಳ್ಳನೆಯ ನಳಿಗೆಯನ್ನು ನರದ ಬಳಿ ಇಟ್ಟು, ಎರಡು ಮೂರು ದಿನ ಮದ್ದು ಹನಿಸುತ್ತಲೇ ಇರುವ ವಿಧಾನವೂ ಇದೆ. ಎಲ್ಲ ಕಡೆ ಅದಕ್ಕೆ ಅನುಕೂಲವಿರುವುದಿಲ್ಲ.

ಬುಧವಾರ ಅವ್ವನನ್ನು ನಿಲ್ಲಿಸಬೇಕಾಗಿತ್ತು. ಮತ್ತೆ ಮುಸುಕಿನ ಕೆಳಗಿನ ತಡೆ ಕೊಟ್ಟರೆ ಒಂದು ತೊಡಕು: ತೊಡೆಯ ದೊಡ್ಡ ನರ ಬರಿಯ ನೋವಿನ ದಾರಿಯಲ್ಲ, ಮೊಣಕಾಲನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುವಿನ ಒಡೆಯನೂ ಹೌದು. ಅದು ಮರಗಟ್ಟಿದರೆ ನಿಂತವರು ಕುಸಿಯುತ್ತಾರೆ. ಒಂದು ಟೊಂಕ ಸರಿಮಾಡಿ ಇನ್ನೊಂದು ಮುರಿದುಕೊಂಡಂತೆ. ಇದಕ್ಕೆ ಉಪಾಯವನ್ನು ೨೦೧೮ರಲ್ಲಿ ಕೆನಡಾದ ಟೊರಾಂಟೊದ ವೈದ್ಯರು ಪ್ರಕಟಿಸಿದರು. ಮೊದಲ ವರದಿಯಲ್ಲಿದ್ದವರು ಐದೇ ಮಂದಿ ರೋಗಿಗಳು. ಟೊಂಕದ ಕೀಲನ್ನು ಒಂದು ಚೀಲ ಸುತ್ತಿಕೊಂಡಿದೆ. ನೋವನ್ನು ಅರಿಯುವ ಎಳೆಗಳು ಆ ಚೀಲದ ಮುಂಭಾಗದಲ್ಲಿಯೇ ಹೆಚ್ಚು. ದೊಡ್ಡ ನರಗಳಿಂದ ಕವಲೊಡೆದ ಆ ಸಣ್ಣ ಎಳೆಗಳು ಸೋವಾಸ್ ಎಂಬ ಸ್ನಾಯುವಿನ ಹುರಿಯ ಕೆಳಗೆ, ಎಲುಬಿನ ಮೇಲೆ ಹಾದುಹೋಗುವ ಜಾಗದಲ್ಲಿ ಸುಮಾರು ೨೦ ಮಿಲಿಲೀಟರ್ ಮದ್ದು ಬಿಟ್ಟರೆ ಕೀಲಿನ ನೋವು ತಗ್ಗುತ್ತದೆ, ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಯಿತು: ವಲಯ ಕಚೇರಿಯನ್ನು ಮುಚ್ಚದೆ ಶಾಖೆಗಳಿಗೆ ಮಾತ್ರ ಬೀಗ. ಇದಕ್ಕೆ ಪೆಂಗ್ ತಡೆ ಎಂದು ಹೆಸರು. ಕೀಲುಚೀಲದ ಸುತ್ತಲಿನ ನರಗಳ ಗುಂಪು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ವರದಿ ಬರೆದವರಲ್ಲಿ ಒಬ್ಬರ ಹೆಸರೂ ಪೆಂಗ್ ಎಂಬುದು ಚಮತ್ಕಾರ. ಮೇಲಿನ ಚರ್ಮದ ಗಾಯಕ್ಕೆ ಇದು ತಾಗುವುದಿಲ್ಲ. ಅದಕ್ಕೆ ಬೇರೆ ಮದ್ದು ಬೇಕು. ಕೆಲವರಲ್ಲಿ ಇದರಿಂದಲೂ ಕಾಲು ಸೋಲುವುದುಂಟು, ಆದ್ದರಿಂದ ಹಿಡಿದುಕೊಂಡೇ ನಿಲ್ಲಿಸಬೇಕು.

ಅವ್ವನಿಗೆ ಅದನ್ನು ಕೊಟ್ಟರು. ಮಧ್ಯಾಹ್ನ ವಾಕರ್ ಹಿಡಿಸಿ ನಿಲ್ಲಿಸಿದರು. ಅವಳು ನಾಲ್ಕು ಹೆಜ್ಜೆ ಹಾಕಿ, ಕಿಟಕಿಯ ತನಕ ಹೋಗಿ, ಹೊರಗೆ ನೋಡಿ, "ಮಳಿ ನಿಂತೈತಿ" ಎಂದಳು.

ಒಬ್ಬಳ ಅನುಭವದಿಂದ ಶಾಸ್ತ್ರವಾಗುವುದಿಲ್ಲ ಎಂದು ನಮ್ಮ ಅಧ್ಯಕ್ಷರು ಮುಗುಳ್ನಗುತ್ತಿದ್ದಾರೆ, ಅವರು ಲೆಕ್ಕಪರಿಶೋಧಕರು. ಅವರಿಗಾಗಿ ಲೆಕ್ಕವನ್ನೂ ತಂದಿದ್ದೇನೆ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಎಂಬ ಸಂಸ್ಥೆ ೨೦೨೦ರಲ್ಲಿ ಟೊಂಕ ಮುರಿದವರ ನರತಡೆಯ ಬಗ್ಗೆ ೪೯ ಪ್ರಯೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಮೂರು ಸಾವಿರಕ್ಕೂ ಮೇಲ್ಪಟ್ಟು ರೋಗಿಗಳು. ತಡೆ ಕೊಟ್ಟ ಅರ್ಧ ಗಂಟೆಯೊಳಗೆ, ಅಲುಗಿದಾಗಿನ ನೋವು ಹತ್ತರ ಅಳತೆಯಲ್ಲಿ ಸುಮಾರು ಎರಡೂವರೆಯಷ್ಟು ಇಳಿಯಿತು. ಬುದ್ಧಿಭ್ರಮೆಯ ಸಂಭವ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಯಿತು. ಎದೆಯ ಸೋಂಕು ಕಡಿಮೆಯಾಗುವುದು, ಬೇಗ ಎದ್ದು ಓಡಾಡುವುದು ಇವೂ ಸಂಭವನೀಯವೆಂದು ಹೇಳಿತು. ಅಮೆರಿಕದ ಎಲುಬಿನ ಶಸ್ತ್ರವೈದ್ಯರ ಅಕಾಡೆಮಿ ೨೦೨೧ರ ಮಾರ್ಗಸೂಚಿಯಲ್ಲಿ, ಶಸ್ತ್ರಕ್ರಿಯೆಗೆ ಮೊದಲೇ ಕೊಡುವ ನರತಡೆಯನ್ನೂ ಸೇರಿಸಿಕೊಂಡು ಹಲವು ಬಗೆಯಲ್ಲಿ ನೋವು ಶಮನ ಮಾಡಬೇಕೆಂದು ಬಲವಾಗಿ ಶಿಫಾರಸು ಮಾಡಿತು. ಅವ್ವನಿಗೆ ಸೋಮವಾರ ಎಕ್ಸ್‌ರೇ ಮೇಜಿಗೆ ಏರಿಸುವ ಮೊದಲೇ ಇದನ್ನು ಕೊಡಬಹುದಾಗಿತ್ತಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ. ಆದರೆ ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಅಪಾಯವಿಲ್ಲವೇ? ಇದೆ, ಅಪರೂಪವಾಗಿ. ನರಕ್ಕೆ ಪೆಟ್ಟಾಗಬಹುದು, ರಕ್ತ ಒಸರಬಹುದು, ಸೋಂಕಾಗಬಹುದು. ಎಲ್ಲಕ್ಕಿಂತ ಹೆದರಬೇಕಾದದ್ದು ಮದ್ದು ರಕ್ತನಾಳಕ್ಕೆ ಸೇರುವುದು ಅಥವಾ ಅಳತೆ ಮೀರುವುದು. ಆಗ ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಶಬ್ದ. ವಿಕೋಪಕ್ಕೆ ಹೋದರೆ ಅಪಸ್ಮಾರ ಬಂದು ಹೃದಯವೇ ನಿಲ್ಲಬಹುದು. ಮೈತೂಕ ನೋಡಿ ಮದ್ದು ಅಳೆಯುವುದು ಇದಕ್ಕೆ. ಪ್ರತಿಮದ್ದು ಮಾತ್ರ ವಿಚಿತ್ರವಾದದ್ದು: ಊಟ ಸೇರದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ, ಹಾಲಿನಂತೆ ಬೆಳ್ಳಗಿರುವ ಎಣ್ಣೆಯ ದ್ರವ! ಅದು ಮದ್ದನ್ನು ಹೃದಯದಿಂದ ಸೆಳೆದುಕೊಳ್ಳುತ್ತದೆಂಬ ಸುಳಿವು ೧೯೯೮ರಲ್ಲಿ ಇಲಿಗಳ ಪ್ರಯೋಗದಿಂದ ಸಿಕ್ಕಿತು. ೨೦೦೬ರಲ್ಲಿ ಮನುಷ್ಯರನ್ನು ಉಳಿಸಿದ ವರದಿ ಬಂತು. ಈ ದ್ರವ ಕೈಗೆಟಕುವಂತಿದೆಯೇ ಎಂದು ಕೇಳಿದರೆ ಡಾಕ್ಟರರು ಬೇಸರಪಡುವುದಿಲ್ಲ. ನಮ್ಮ ಡಾಕ್ಟರರು ಶೀಶೆಯನ್ನೇ ತೋರಿಸಿದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದರೆ, ಕಾಲಿನಲ್ಲಿ ಮೊದಲೇ ಜೋಮು ಇದ್ದರೆ ಅವೆಲ್ಲವನ್ನೂ ಮುಂಚಿತವಾಗಿ ಹೇಳಬೇಕು. ಎಲ್ಲರಿಗೂ ಈ ತಡೆ ಸಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಅದನ್ನು ತೀರ್ಮಾನಿಸುವವರು ಅವರೇ. ನಾವು ಕೇಳುವುದು ಇಷ್ಟು: ನರತಡೆ ಕೊಡುತ್ತೀರಾ, ಯಾವಾಗ ಕೊಡುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಇಳಿಯುವ ಮೊದಲು ಯಾವ ಮಾತ್ರೆ?

ಕೊನೆಯದಾಗಿ ಒಂದು ಸಣ್ಣ ಸಂಗತಿ. ಬುಧವಾರ ರಾತ್ರಿ ನಾನು ಮನೆಗೆ ಹೋಗಬೇಕಾಗಿತ್ತು. ಹೋಗುವ ಮೊದಲು ಬ್ಯಾಂಕಿನ ಹಾಳೆಯೊಂದರ ಹಿಂಬದಿಗೆ ಹತ್ತು ಕನ್ನಡ ಶಬ್ದಗಳನ್ನು ಮರಾಠಿಯವರು ಓದುವ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥ ಬರೆದು, ಹಾಸಿಗೆಯ ತಲೆದಿಸಿಗೆ ಅಂಟಿಸಿದೆ. ನೋವು, ಬ್ಯಾನಿ, ಸೆಳೆತ, ಉರಿ, ಜೋಮು, ಹೊರಳಿದಾಗ, ಸ್ವಲ್ಪ, ಬಾಳ, ನೀರು, ಒಂದಕ್ಕೆ. 'ದುಃಖ' ಎಂಬುದರ ಮುಂದೆ ಕೆಂಪು ಗೀಟು ಎಳೆದು, ಇದನ್ನು ಕೇಳಬೇಡಿರಿ ಎಂದೂ ಬರೆದೆ. ಮರುದಿನ ಬೆಳಿಗ್ಗೆ ಹೋದಾಗ ಅದೇ ಸಿಸ್ಟರ್ ಹಾಳೆ ನೋಡಿಕೊಂಡು, "ಆಜಿ, ಬ್ಯಾನಿ ಬಾಳ?" ಎಂದು ಕೇಳುತ್ತಿದ್ದಳು. ಅವ್ವ ಬೆರಳಿನಿಂದ ಚಿಟಿಕೆಯಷ್ಟು ತೋರಿಸಿ, "ಸ್ವಲ್ಪ" ಎಂದಳು. ಸಿಸ್ಟರ್ ಕಾಗದದಲ್ಲಿ ಮೂರು ಎಂದು ಬರೆದುಕೊಂಡಳು.

ಆ ಹಾಳೆಯ ಪ್ರತಿಗಳನ್ನು ಮಾಡಿಸಿ ತಂದಿದ್ದೇನೆ. ಮರಾಠಿಯದಲ್ಲದೆ ಹಿಂದಿಯದೂ ಇದೆ. ಬೇಕಾದವರು ಬಾಗಿಲ ಬಳಿಯ ಮೇಜಿನಿಂದ ತೆಗೆದುಕೊಳ್ಳಬಹುದು.